ನಾಲ್ಕನೆಯ ದನಿ

ಜನವರಿ 11

ಗಡಿಯಾರದ ಡಾಕ್ಟರಿಗೆ,

ಫೋನ್ ಮಾಡಿದರೆ ನೀನು ಅಂಗಡಿಯಲ್ಲಿ ಕಣ್ಣಿಗೆ ಆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಾ "ಹ್ಞಾಂ, ಹ್ಞಾಂ" ಅನ್ನುತ್ತೀಯೇ ಹೊರತು ಒಂದು ಮಾತೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಈ ಕಾಗದ. ಓದಿ ಹೆಂಡತಿಯ ಕೈಗೆ ಕೊಡು. ನಿನ್ನನ್ನು ನಂಬಿಕೊಂಡರೆ ಕೆಟ್ಟೆ.

ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೀವಿಬ್ಬರೂ ನಮ್ಮ ಮನೆಯಲ್ಲಿರಬೇಕು. ಹಾಯಿದೋಣಿಗೆ ಬಣ್ಣ ಬಳಿದು ಮುಗಿಯಿತು. ಮೂವತ್ತೊಂದು ವರ್ಷ ದೋಣಿ ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಕೂಗಿ ಊರಿಗೆ ಊರನ್ನೇ ನೀರಿಗೆ ಕಳಿಸಿದವನು ನಾನು. ನಿವೃತ್ತಿಯಾದ ಮೇಲಾದರೂ ನಾನೇ ಹೋಗುವುದು ಬೇಡವೇ?

ಚುಕ್ಕಾಣಿ ಹಿಡಿಯುವವಳು ದೊಡ್ಡ ಮಗಳು. ಹಾಯಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳಲ್ಲ, ನನಗೂ ಅವಳೇ ಗುರು. ಬೈಯುವುದಕ್ಕೆ ಹಿಂದೆ ಮುಂದೆ ನೋಡುವುದಿಲ್ಲ. ಚಿಕ್ಕವಳಿಗೂ ಕಾಲೇಜು ರಜೆ. ನನ್ನವಳಿಗೆ ದೋಣಿ ನೋಡಿದರೇ ಹೊಟ್ಟೆ ತೊಳಸುತ್ತದೆ, ಅವಳು ದಡದಲ್ಲಿ ಊಟದ ಡಬ್ಬಿಗಳ ಕಾವಲಿಗೆ. ಅಲ್ಲಿಗೆ ದೋಣಿಯಲ್ಲಿ ನಾವು ಐದು ಜನ.

ಒಂದು ನಿಯಮ ತಿಳಿದುಕೊಂಡು ಬಾ. ಹಾಯಿಯ ಕೆಳ ಅಂಚಿಗೆ ಉದ್ದನೆಯ ಅಡ್ಡಮರ ಇರುತ್ತದೆ. ದೋಣಿಯ ದಿಕ್ಕು ತಿರುಗಿಸಿದಾಗ ಅದು ಈ ಬದಿಯಿಂದ ಆ ಬದಿಗೆ ಬೀಸಿಕೊಂಡು ಹೋಗುತ್ತದೆ, ಸರಿಯಾಗಿ ನಮ್ಮ ತಲೆಯ ಎತ್ತರಕ್ಕೆ. ಅದಕ್ಕೆ ಮಗಳು ಮೊದಲು "ತಿರುಗಿಸ್ತೀನಿ" ಎಂದು ಕೂಗುತ್ತಾಳೆ. ಪ್ರತಿಯೊಬ್ಬರೂ ತಲೆ ತಗ್ಗಿಸಿ "ತಗ್ಗಿದೀನಿ" ಅನ್ನಬೇಕು. ನಮ್ಮ ನಾಲ್ವರದೂ ನಾಲ್ಕು ದನಿ ಕಿವಿಗೆ ಬೀಳುವ ತನಕ ಅವಳು ಚುಕ್ಕಾಣಿ ಅಲುಗಿಸುವುದಿಲ್ಲ. ಹೋದ ಸಲ ನಾನು ಬಾಯಲ್ಲಿ ಕಿತ್ತಳೆ ತೊಳೆ ಇಟ್ಟುಕೊಂಡು ಉತ್ತರ ಕೊಡದೆ ಕೂತಿದ್ದಕ್ಕೆ ದೋಣಿಯನ್ನು ತಿರುಗಿಸದೆ ಅರ್ಧ ಮೈಲಿ ಮುಂದಕ್ಕೆ ಒಯ್ದಳು. ಹೆತ್ತ ಅಪ್ಪ ಎಂಬ ಮುಲಾಜೂ ಇಲ್ಲ.

ನೀನು ಹೇಗೆ ಉತ್ತರ ಕೊಡುತ್ತೀಯೆಂದು ನಿನ್ನೆಯೇ ಮನೆಯಲ್ಲಿ ಮಾಡಿ ತೋರಿಸಿದೆ: "ಹ್ಞಾಂ... ತಗ್ಗಿದೀನಪ್ಪೋ." ನನ್ನವಳು ಅಡುಗೆಮನೆಯಿಂದ "ಅಣ್ಣ ಯಾವಾಗ ಬಂದ್ರು?" ಎಂದು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದುಬಿಟ್ಟಳು! ಐವತ್ತು ವರ್ಷದಿಂದ ನಿನ್ನ ದನಿ ಕದಿಯುತ್ತಿದ್ದೇನೆ, ಇನ್ನೂ ಒಮ್ಮೆಯೂ ಸಿಕ್ಕಿಬಿದ್ದಿಲ್ಲ.

ಟೀ ಫ್ಲಾಸ್ಕು ನಿನ್ನದು. ಮರೆತರೆ ದೋಣಿ ಹತ್ತಿಸುವುದಿಲ್ಲ.

ನಿನ್ನ
ಮೈಕಾಸುರ


ಮಾರ್ಚ್ 4

ಅಪ್ಪಾ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಅಮ್ಮ ನಂಬುವುದಿಲ್ಲ. ಹಾಗಾಗಿ ಇದ್ದದ್ದನ್ನು ಬರೆಯುತ್ತೇನೆ. ಟಾರ್ಪಾಲಿನ್ ಹೊಲಿಯುವ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ, ಕೆಲಸವೂ ಅದೇ ಅಂಗಡಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಯಂತ್ರಗಳು ಶುರುವಾದರೆ ಮೇಲಿನ ನೆಲ ಅದುರುತ್ತದೆ, ಲೋಟದಲ್ಲಿಟ್ಟ ನೀರೂ ಅದುರುತ್ತದೆ. ಹರಿದ ಹಾಯಿಗೆ ತೇಪೆ ಹಾಕಿ ಗೊತ್ತಿದ್ದ ಕೈಗೆ ಲಾರಿಯ ಹೊದಿಕೆ ಕಷ್ಟವಲ್ಲ. "ಇಷ್ಟು ನೇರ ಹೊಲಿಗೆ ಎಲ್ಲಿ ಕಲಿತೆ?" ಎಂದು ಅಂಗಡಿಯಾಕೆ ಕೇಳಿದರು. ಹೇಳಲಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನಿಮಗೆ ಗೊತ್ತಿದೆ. ನನ್ನ ದನಿ ಕೇಳಿದ ಕೂಡಲೇ "ಇರು, ಅಮ್ಮನಿಗೆ ಕೊಡ್ತೀನಿ" ಅನ್ನುತ್ತೀರಿ. ಆರು ವಾರದಲ್ಲಿ ಹನ್ನೊಂದು ಸಲ ಹೀಗೆ ಆಗಿದೆ. ಈ ಕಾಗದ ನಿಮಗೆ, ಅಮ್ಮನಿಗಲ್ಲ.

ಹಾಯಿ ಶಾಲೆಯವರು ಬರೆದಿದ್ದಾರೆ. ದೋಣಿಯಲ್ಲಿದ್ದ ಐವರೂ ಆ ಭಾನುವಾರ ಏನಾಯಿತೆಂದು ಬರೆದು ಕೊಡಬೇಕಂತೆ. ರಜೆಯ ದಿನವಾದರೂ, ಸ್ವಂತ ದೋಣಿಯಾದರೂ, ಕಲಿಸುವವಳು ಕಲಿಸುವವಳೇ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಏಪ್ರಿಲ್ ಮೂವತ್ತಕ್ಕೆ ತೀರ್ಮಾನ. ಉತ್ತರ ಬರುವ ಮೊದಲೇ ತಿರುಗಿಸಿದವಳು ನಾನು ಎಂದಾದರೆ ಇನ್ನು ಯಾವ ಮಗುವನ್ನೂ ದೋಣಿ ಹತ್ತಿಸುವಂತಿಲ್ಲ, ಅಲ್ಲೂ ಇಲ್ಲ, ಬೇರೆಲ್ಲೂ ಇಲ್ಲ.

ನನ್ನ ಹೇಳಿಕೆ ಬರೆಯಲು ಮೂರು ಸಲ ಕೂತೆ. ಪ್ರತಿ ಸಲವೂ ಬೆಳಗಿನಿಂದಲೇ ಶುರುವಾಗುತ್ತದೆ, ಬೇಡದ್ದೆಲ್ಲ ಬರುತ್ತದೆ. ಎಂಥ ದಿನ ಅಪ್ಪಾ ಅದು! ಅಲೆಯೇ ಇರಲಿಲ್ಲ. ಚಿಕ್ಕವಳು ಮುಂದುಗಡೆ ಅಂಗಾತ ಮಲಗಿ ಎರಡೂ ಕಾಲು ನೀರಿಗೆ ಇಳಿಬಿಟ್ಟಿದ್ದಳು. ಅತ್ತೆ ಮೊದಮೊದಲು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತವರು ಹತ್ತು ಗಂಟೆಯ ಹೊತ್ತಿಗೆ ಚಪ್ಪಲಿ ಬಿಚ್ಚಿ ಚಕ್ಕಳಮಕ್ಕಳ ಹಾಕಿಕೊಂಡು ಕಿತ್ತಳೆ ಸುಲಿದು ಎಲ್ಲರಿಗೂ ಹಂಚುತ್ತಿದ್ದರು. ಸಿಪ್ಪೆಯನ್ನು ನೀರಿಗೆ ಹಾಕಲು ನಾನು ಬಿಡಲಿಲ್ಲ, ಗಡಿಯಾರದ ಮಾವನ ಟೋಪಿಯಲ್ಲಿ ತುಂಬಿಸಿದರು. ಮಾವ ಕೈಗಡಿಯಾರ ಬಿಚ್ಚಿ ಜೇಬಿಗಿಟ್ಟುಕೊಂಡು "ಇವತ್ತು ಟೈಮ್ ಕೇಳಿದವರನ್ನ ನೀರಿಗೆ ತಳ್ತೀನಿ" ಎಂದರು. ನೀವು ಐದು ನಿಮಿಷಕ್ಕೊಮ್ಮೆ ಕೇಳಿದಿರಿ, ಅದೂ ಅವರ ದನಿಯಲ್ಲೇ. ನಕ್ಕು ನಕ್ಕು ಅತ್ತೆಗೆ ಬಿಕ್ಕಳಿಕೆ ಹತ್ತಿತು. ನನ್ನ ಮನೆಯವರನ್ನೆಲ್ಲ ನೀರಿನ ಮೇಲೆ ಒಯ್ಯುತ್ತಿದ್ದೇನೆ, ಇವರೆಲ್ಲ ನನ್ನ ಕೈಯಲ್ಲಿ ಸುಖವಾಗಿದ್ದಾರೆ ಎಂದು ಆ ಹೊತ್ತಿಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರಳುವಾಗ ಗಾಳಿ ಬೆನ್ನಿಗಿತ್ತು. ಬೆನ್ನ ಗಾಳಿಯಲ್ಲಿ ತಿರುಗಿಸಿದರೆ ಅಡ್ಡಮರ ಒಮ್ಮೆಗೇ ಬೀಸುತ್ತದೆ, ಅದಕ್ಕೆ ಆಗ ನನ್ನ ಕಣ್ಣು ಹಾಯಿಯ ಮೇಲಿರಬೇಕು. "ತಿರುಗಿಸ್ತೀನಿ" ಎಂದೆ. ಮೊದಲು ಚಿಕ್ಕವಳು. ಆಮೇಲೆ ಅತ್ತೆ, ಬಿಕ್ಕಳಿಕೆಯ ಜೊತೆಗೆ. ಆಮೇಲೆ ನೀವು. ಸ್ವಲ್ಪ ತಡೆದು ಮಾವ, "ಹ್ಞಾಂ... ತಗ್ಗಿದೀನಪ್ಪೋ." ನಾಲ್ಕಾಯಿತು. ತಿರುಗಿಸಿದೆ.

ಅಡ್ಡಮರ ಮಾವನ ತಲೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಮಾವ ಹೇಳಿದ್ದು, "ನಾನು ಉತ್ತರ ಕೊಡಲಿಲ್ಲ." ಅವರು ಸುಳ್ಳು ಹೇಳುವವರಲ್ಲ. ಚಿಕ್ಕವಳು ಮುಂದುಗಡೆ ಇದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಅತ್ತೆಗೆ ಆ ನಿಮಿಷದ್ದು ರಕ್ತ ಬಿಟ್ಟರೆ ಬೇರೇನೂ ನೆನಪಿಲ್ಲ. ನೀವು ಮಾವನ ಬೆನ್ನ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿದ್ದಿರಿ. ಮೂವತ್ತೊಂದು ವರ್ಷ ದನಿಯಲ್ಲೇ ಬದುಕಿದವರು.

ಅಪ್ಪಾ, ನೀವು ಎಷ್ಟು ದನಿ ಕೇಳಿದಿರಿ?

ಇಂತಿ,
ದೊಡ್ಡವಳು


ಮಾರ್ಚ್ 17

ದೊಡ್ಡ ಮಗಳಿಗೆ,

ನಿನ್ನ ಕಾಗದ ತಲುಪಿತು. ಕೋಣೆಗೆ ಗಾಳಿ ಬೆಳಕು ಸಾಕಷ್ಟಿದೆಯೇ? ಯಂತ್ರದ ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ದೋಣಿಯನ್ನು ಮೇಲಕ್ಕೆಳೆದು ಮಗುಚಿ ಹಾಕಿದ್ದೇನೆ. ತಳದ ಬಣ್ಣ ಎರಡು ಕಡೆ ಎದ್ದಿದೆ. ಹಾಯಿಯನ್ನು ಒಣಗಿಸಿ ಮಡಚಿ ಅಟ್ಟದ ಮೇಲಿಟ್ಟೆ, ಇಲಿ ಕಾಟ ಇಲ್ಲ. ಹಿತ್ತಿಲ ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿಸಿದೆ. ಚಿಕ್ಕವಳು ಹೊಸ ಕನ್ನಡಕ ಮಾಡಿಸಿಕೊಂಡಿದ್ದಾಳೆ, ಒಳ್ಳೇ ಹೆಡ್‌ಮೇಡಂ ಥರ ಕಾಣುತ್ತಾಳೆ.

ಹಾಯಿ ಶಾಲೆಯ ಕಾರ್ಯದರ್ಶಿ ಮನೆಗೇ ಬಂದಿದ್ದರು. ಒಳ್ಳೆಯ ಮನುಷ್ಯ. ನಾನು ನನಗೆ ತೋಚಿದ್ದು ಬರೆದು ಕೊಟ್ಟೆ. ನೀನು ಕೇಳಿದ ವಿಷಯ: ಆವತ್ತು ಗಾಳಿ ಇತ್ತು, ನಗು ಇತ್ತು, ಗದ್ದಲ ಇತ್ತು. ಅಂಥ ಹೊತ್ತಿನಲ್ಲಿ ಯಾರು ಏನೆಂದರು ಎಂದು ಹೇಗೆ ಹೇಳುವುದು? ಆದದ್ದು ಆಯಿತು. ನೀನು ಅದನ್ನೇ ತಲೆಯಲ್ಲಿಟ್ಟುಕೊಂಡು ಕೊರಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಪ್ಪ

ನನಗೆ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಾರೆ ನಿಮ್ಮಪ್ಪ. ನಲ್ಲಿ ಇನ್ನೂ ಸೋರುತ್ತಲೇ ಇದೆ. ಇವರು ಈಗ ಯಾರ ದನಿಯನ್ನೂ ಮಾಡುವುದಿಲ್ಲ. ಮೊನ್ನೆ ಪಕ್ಕದ ಮನೆಯ ಮಗು "ತಾತಾ, ಬೆಕ್ಕಿನ ಥರ ಕೂಗು" ಎಂದು ಕೇಳಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾಕೆಂದು ನನಗೆ ಹೇಳುವುದಿಲ್ಲ. ನೀನು ಬಾ. — ಅಮ್ಮ


ಏಪ್ರಿಲ್ 2

ಮಾವ,

ನಿಮ್ಮ ಕೈ ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ತಲೆಯ ಗಾಯ ಮಾಯ್ದಿದೆ, ಬಲಗೈ ಬೆರಳು ಮಾತ್ರ ನಡುಗುತ್ತದೆ ಎಂದು ಚಿಕ್ಕವಳು ಬರೆದಳು. ಅಂಗಡಿಯ ಬಾಗಿಲು ಅರ್ಧವೇ ತೆರೆಯುತ್ತೀರಂತೆ. ಬಂದವರ ಗಡಿಯಾರಕ್ಕೆ ಪಟ್ಟಿ ಬದಲಿಸಿ ಕೊಡುತ್ತೀರಂತೆ, ಒಳಗಿನ ಕೆಲಸಕ್ಕೆ ಬೇರೆಯವರ ಅಂಗಡಿ ತೋರಿಸುತ್ತೀರಂತೆ.

ಚಿಕ್ಕಂದಿನಲ್ಲಿ ನಿಮ್ಮ ಮೇಜಿನ ಪಕ್ಕ ನಿಂತು ನೋಡುತ್ತಿದ್ದೆ. ಕೂದಲೆಳೆಯಂಥ ಸುರುಳಿಯನ್ನು ಚಿಮಟದಲ್ಲಿ ಎತ್ತಿ ಇಡುವಾಗ ಉಸಿರು ಬಿಡಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಿರಿ. ನಾನು ಉಸಿರು ಹಿಡಿದು ಮುಖ ಕೆಂಪಾದ ಮೇಲೆ ನಗುತ್ತಿದ್ದಿರಿ. ಆ ಕೈಯನ್ನು ನಾನು ಹಾಳು ಮಾಡಿದೆ.

ನಿಮ್ಮ ದನಿ ಕೇಳಿದೆ ಎಂದು ಇಷ್ಟು ದಿನ ಹಟ ಮಾಡುತ್ತಿದ್ದೆ. ನಿಜವಾಗಿ ಕೇಳಿದೆನೋ, ಕೇಳಿರಬೇಕಿತ್ತು ಎಂದು ಆಮೇಲೆ ನಾನೇ ಕಟ್ಟಿಕೊಂಡೆನೋ ಎಂಬುದು ಈಗ ನನಗೇ ಬಗೆಹರಿಯುತ್ತಿಲ್ಲ. ಯಂತ್ರಗಳ ಸದ್ದಿನ ನಡುವೆ ಆ ನಾಲ್ಕನೆಯ ದನಿ ಇನ್ನೂ ಕೇಳಿಸುತ್ತದೆ. ಹುಚ್ಚು ಹಿಡಿಯುವುದು ಹೀಗೆಯೇ ಇರಬಹುದು. ಉತ್ತರಕ್ಕೆ ಕಾಯದೆ ತಿರುಗಿಸಿದೆ ಎಂದು ಶಾಲೆಗೆ ಬರೆದುಕೊಟ್ಟು ಮುಗಿಸಿಬಿಡುತ್ತೇನೆ. ನಿಮ್ಮ ಕ್ಷಮೆ ಕೇಳಬೇಕು ಎಂದಿದೆ, ಆದರೆ ಕೊಡಿ ಎಂದು ಕೇಳುವುದೂ ನಿಮಗೆ ಇನ್ನೊಂದು ಹೊರೆ.

ನಿಮ್ಮ
ದೊಡ್ಡ ಹುಡುಗಿ


ಏಪ್ರಿಲ್ 9

ಮಗಳೇ,

ಅಕ್ಷರ ನಿನ್ನ ಅತ್ತೆಯದು, ಮಾತು ನನ್ನದು. ನಡುವೆ ಅವಳ ಮಾತೂ ನುಸುಳಿದರೆ ನಾನು ಜವಾಬ್ದಾರನಲ್ಲ.

ಮೊದಲನೆಯದು, ನನ್ನ ಕೈ ಹಾಳಾಗಿಲ್ಲ. ಅನ್ನ ಕಲಸುತ್ತದೆ, ಅಂಗಿಯ ಗುಂಡಿ ಹಾಕುತ್ತದೆ, ಮೇಲಿನ ಗುಂಡಿ ಒಂದು ಬಿಟ್ಟು. (ಮೇಲಿನ ಎರಡೂ ನಾನೇ ಹಾಕುವುದು. — ಅತ್ತೆ) ಸಣ್ಣ ಕೆಲಸ ಆಗುವುದಿಲ್ಲ, ನಿಜ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಮೊನ್ನೆ ಒಂದು ಹಳೆಯ ಗೋಡೆ ಗಡಿಯಾರ ಬಂದಿತ್ತು, ಬಿಚ್ಚಿ ಎದುರಿಗಿಟ್ಟುಕೊಂಡು ಸುಮ್ಮನೆ ಕೂತೆ. ಬೇಸರವಾಯಿತು. ಅಳುವಷ್ಟಲ್ಲ. (ಅತ್ತರು. — ಅತ್ತೆ)

ಎರಡನೆಯದು, ಆ ಹೇಳಿಕೆ ಕಳಿಸಬೇಡ. ಕೊನೆಯ ದಿನದ ತನಕ ಇಟ್ಟುಕೋ. ಯಾಕೆ ಎಂದು ಕೇಳಬೇಡ. ನಿನಗೆ ಹುಚ್ಚು ಹಿಡಿದಿಲ್ಲ, ಇಷ್ಟು ಮಾತ್ರ ಹೇಳಬಲ್ಲೆ. ಅದಕ್ಕಿಂತ ಹೆಚ್ಚು ಹೇಳಬೇಕಾದವನು ನಾನಲ್ಲ. (ಇವರು ಏನು ಹೇಳುತ್ತಿದ್ದಾರೋ ನನಗೂ ತಿಳಿಯಲಿಲ್ಲ ಮಗಳೇ. ಕೇಳಿದರೆ ಬರಿ ಬರಿ ಎನ್ನುತ್ತಾರೆ. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ಮೊದಲು ಇತ್ತು. ಈಗ ಇಲ್ಲ. — ಅತ್ತೆ)

ನಿನ್ನ
ಮಾವ


ಏಪ್ರಿಲ್ 16

ಅಪ್ಪಾ,

ನಿಮ್ಮ ಹೇಳಿಕೆಯ ಪ್ರತಿಯನ್ನು ಶಾಲೆಯವರು ನನಗೂ ಕಳಿಸಿದ್ದಾರೆ. ನಿಮ್ಮ ಗುಂಡಗಿನ ಅಕ್ಷರ. "ಗಾಳಿಯ ಸದ್ದಿನಲ್ಲಿ ನನಗೆ ಯಾವ ದನಿಯೂ ಸ್ಪಷ್ಟವಾಗಿ ಕೇಳಿಸಲಿಲ್ಲ."

ಗಾಳಿ ಬೆನ್ನಿಗಿತ್ತು ಅಪ್ಪಾ. ಬೆನ್ನ ಗಾಳಿಯಲ್ಲಿ ದೋಣಿ ಗಾಳಿಯ ಜೊತೆಗೇ ಹೋಗುತ್ತದೆ, ಕಿವಿಗೆ ಸದ್ದೇ ಇರುವುದಿಲ್ಲ. ಇದನ್ನು ನಿಮಗೆ ಕಲಿಸಿದವಳು ನಾನು. ನೀವು ಎಷ್ಟು ಸಂತೋಷಪಟ್ಟಿದ್ದಿರಿ ಎಂದರೆ ಅಮ್ಮನಿಗೂ ಕಾರ್ಯದರ್ಶಿಗೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದನ್ನೇ ಹೇಳಿಕೊಂಡು ತಿರುಗಿದಿರಿ.

ಯಾಕೆ ಹೀಗೆ ಬರೆದಿರಿ ಎಂದು ಒಂದು ವಾರ ಯೋಚಿಸಿದೆ. ನನಗೆ ತೋಚಿದ್ದು ಒಂದೇ. ಮೂರೇ ದನಿ ಕೇಳಿತು ಎಂದು ಬರೆದರೆ ಮಗಳ ಕೆಲಸ ಹೋಗುತ್ತದೆ, ನಾಲ್ಕು ಎಂದರೆ ಸುಳ್ಳಾಗುತ್ತದೆ. ಎರಡೂ ಬೇಡವೆಂದು ಕೇಳಿಸಲಿಲ್ಲ ಎಂದಿರಿ. ನನ್ನನ್ನು ಉಳಿಸಲು ನಿಮಗೆ ಗೊತ್ತಿದ್ದದ್ದನ್ನು ನುಂಗಿದಿರಿ. ಅಂದರೆ ನಾಲ್ಕನೆಯದು ಇರಲೇ ಇಲ್ಲ, ನನ್ನ ತಲೆಯಲ್ಲಿ ಹುಟ್ಟಿದ್ದು.

ಹಾಗಿದ್ದರೆ ಸರಿ. ಮಾವ ಕಾಯಲು ಹೇಳಿದ್ದಾರೆ, ಯಾಕೆಂದು ಗೊತ್ತಿಲ್ಲ. ಇಪ್ಪತ್ತೆಂಟರವರೆಗೆ ಕಾಯುತ್ತೇನೆ. ಆವತ್ತು "ಉತ್ತರಕ್ಕೆ ಕಾಯದೆ ತಿರುಗಿಸಿದೆ" ಎಂದು ಬರೆದು ಕಳಿಸುತ್ತೇನೆ. ಕೆಲಸ ಹೋಗುವುದು ದೊಡ್ಡದಲ್ಲ. ನನ್ನ ಕಿವಿಯನ್ನೇ ನಾನು ನಂಬುವಂತಿಲ್ಲವಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ. ಅಂಗಡಿಯಲ್ಲಿ ಯಾರಾದರೂ ಕರೆದರೆ ನಿಜವಾಗಿ ಕರೆದರೇ ಎಂದು ಅವರ ಮುಖ ನೋಡಿ ಖಚಿತ ಮಾಡಿಕೊಳ್ಳುತ್ತೇನೆ. ರಸ್ತೆ ದಾಟುವುದಕ್ಕೂ ಹೆದರಿಕೆ.

ನಿಮ್ಮ ಮೇಲೆ ಬೇಸರವಿಲ್ಲ. ನನಗಾಗಿ ಮಾಡಿದಿರಿ ಎಂದುಕೊಂಡಿದ್ದೇನೆ.

ದೊಡ್ಡವಳು


ಏಪ್ರಿಲ್ 20

ಮಗಳೇ,

ಬೆಳಿಗ್ಗೆಯಿಂದ ಐದು ಹಾಳೆ ಹರಿದೆ. ಕೊನೆಗೆ ನಿಮ್ಮಮ್ಮ ಹೊಸ ಹಾಳೆ ತಂದಿಟ್ಟು, ನೀರು ತಂದಿಟ್ಟು, ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಅವಳಿಗೆ ಹೇಳಿಯಾಗಿದೆ.

ನೀನು ನಾಲ್ಕು ದನಿ ಕೇಳಿದ್ದು ನಿಜ. ನಾಲ್ಕನೆಯದು ನನ್ನದು.

ನಿನ್ನ ಗಡಿಯಾರದ ಮಾವ ಬಗ್ಗಿ ಫ್ಲಾಸ್ಕಿನ ಮುಚ್ಚಳ ಹುಡುಕುತ್ತಿದ್ದ. ಅದು ಹಲಗೆಯ ಕೆಳಗೆ ಉರುಳಿತ್ತು. ನೀನು ಕೂಗಿದಾಗ ಅವನ ತಲೆ ಅವನ ಮಂಡಿಗಿಂತ ಕೆಳಗಿತ್ತು, ನಾನು ಕಣ್ಣಾರೆ ನೋಡಿದೆ. ಇಷ್ಟು ತಗ್ಗಿರುವವನು ತಗ್ಗಿದೀನಿ ಎಂದು ಬೇರೆ ಹೇಳಬೇಕೇ, ನೀನು ಸುಮ್ಮನೆ ಕಾಯುತ್ತೀಯ ಎಂದುಕೊಂಡೆ. ಅದು ಅರ್ಧ. ಇನ್ನರ್ಧ, ಬೆಳಗಿನಿಂದ ಎಲ್ಲರೂ ನಕ್ಕಿದ್ದರು, ಇನ್ನೊಮ್ಮೆ ನಗಲಿ ಎಂಬ ಆಸೆ. ಅವನ ದನಿಯಲ್ಲಿ ನಾನೇ ಉತ್ತರ ಕೊಟ್ಟೆ. ನೀನು ನಂಬಿದೆ. ನಂಬದಿರಲು ಏನು ಕಾರಣವಿತ್ತು? ನಿನ್ನಮ್ಮನೇ ಮೋಸಹೋದ ದನಿ ಅದು. ಅಷ್ಟರಲ್ಲಿ ಅವನು ತಲೆ ಎತ್ತಿಬಿಟ್ಟ.

ಆಸ್ಪತ್ರೆಯಲ್ಲಿ ಅವನು "ನಾನು ಉತ್ತರ ಕೊಡಲಿಲ್ಲ" ಎಂದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ನನ್ನ ಕಡೆ ನೋಡಿದೆ. ಆಗಲೇ ಬಾಯಿ ಬಿಡಬೇಕಿತ್ತು. ಅವನ ಹೆಂಡತಿ ರಕ್ತದ ಸೀರೆಯಲ್ಲೇ ನಿಂತಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ನೀನು ಹೊರಟುಹೋದೆ. ಆಮೇಲೆ ಒಂದೊಂದು ದಿನ ಕಳೆದಂತೆ ಹೇಳಬೇಕಾದ್ದು ಒಂದರ ಬದಲು ಎರಡಾಯಿತು: ಮಾಡಿದ್ದನ್ನೂ ಹೇಳಬೇಕು, ಮುಚ್ಚಿಟ್ಟದ್ದನ್ನೂ ಹೇಳಬೇಕು. ಐವತ್ತು ವರ್ಷದ ಗೆಳೆಯ ಹೋಗುತ್ತಾನೆ ಎಂದು ಹೆದರಿದೆ. ಮಗಳು ಹೇಗೂ ನನ್ನವಳು, ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಅಂದುಕೊಂಡದ್ದು ಅದನ್ನೇ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಕೈ ತನ್ನಷ್ಟಕ್ಕೆ ನಿಮ್ಮಮ್ಮನ ಕಡೆ ಚಾಚುತ್ತಿತ್ತು. ನಿನ್ನ ಹತ್ತಿರ ಒಂದು ಮಾತು ಆಡಿದರೂ ಇದು ಹೊರಗೆ ಬರುತ್ತದೆ ಎಂದು ಗೊತ್ತಿತ್ತು.

ನಾನು ನಿನಗಾಗಿ ಸುಮ್ಮನಿದ್ದೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಕೂರಲಾಗಲಿಲ್ಲ. ಬೈದಿದ್ದರೆ ಇನ್ನೂ ಒಂದು ತಿಂಗಳು ಬಚ್ಚಿಟ್ಟುಕೊಂಡಿರುತ್ತಿದ್ದೆನೋ ಏನೋ.

ಶಾಲೆಗೆ ಹೋಗಿ ಹಳೆಯ ಹೇಳಿಕೆ ವಾಪಸ್ಸು ಪಡೆದು ಹೊಸದನ್ನು ಕೊಟ್ಟೆ. ಕಾರ್ಯದರ್ಶಿ ಎರಡು ಸಲ ಓದಿ ನನ್ನ ಮುಖ ನೋಡದೆ ಮೊಹರು ಹಾಕಿದರು. ಗಡಿಯಾರನಿಗೂ ಇವತ್ತೇ ಬರೆದಿದ್ದೇನೆ. ನೀನು ಏನನ್ನೂ ಬರೆದು ಕೊಡಬೇಡ.

ನಿನ್ನ ಕಿವಿ ಸರಿಯಾಗಿದೆ ಮಗಳೇ. ಧೈರ್ಯವಾಗಿ ರಸ್ತೆ ದಾಟು.

ಅಪ್ಪ


ಮೇ 3

ಮೈಕಾಸುರನಿಗೆ,

ಎಡಗೈ ಬರಹ. ಒಂದನೇ ತರಗತಿಯ ಮಗುವಿನದಂತಿದೆ, ನಗಬೇಡ. ನಮ್ಮವಳಿಗೆ ಹೇಳಿ ಬರೆಸಬಹುದಿತ್ತು. ಇದು ನಮ್ಮಿಬ್ಬರ ನಡುವಿನದು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಮ್ಮವಳಿಗೆ ಓದಿ ಹೇಳಿದೆ. ಮೂರನೆಯ ದಿನ "ಆ ಹುಡುಗಿಯನ್ನ ನಾನು ಆಸ್ಪತ್ರೇಲಿ ಏನೇನು ಅಂದೆ" ಎಂದು ಅತ್ತಳು.

ನೀನು ಬರೆದಿದ್ದೀಯ: "ನಿನ್ನ ತಲೆ ಕೆಳಗೇ ಇತ್ತು, ಆ ಗಳಿಗೆಯಲ್ಲೇ ಯಾಕೆ ಎತ್ತಿದೆಯೋ ಇವತ್ತಿಗೂ ಗೊತ್ತಾಗಿಲ್ಲ." ಇದನ್ನು ಹೇಳಬಾರದು ಎಂದಿದ್ದೆ. ನೀನೇ ಕೇಳಿದ್ದರಿಂದ ಹೇಳುತ್ತೇನೆ.

ಮುಚ್ಚಳ ಇನ್ನೂ ಸಿಕ್ಕಿರಲಿಲ್ಲ. ಏಳುವ ಯೋಚನೆಯೇ ನನಗಿರಲಿಲ್ಲ. ಅಷ್ಟರಲ್ಲಿ ನನ್ನ ದನಿ ನನ್ನ ಬೆನ್ನ ಹಿಂದಿನಿಂದ ಕೇಳಿಸಿತು. "ಏ ಕಳ್ಳ, ಸಿಕ್ಕಿಬಿದ್ದೆ" ಎಂದು ನಿನಗೆ ಹೇಳಲು ಎದ್ದೆ. ನಗುತ್ತಾ ಎದ್ದೆ ಕಣೋ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಲೇ ಇದು ನೆನಪಿತ್ತು. ಕೈ ಹೋದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ತಮಾಷೆಗೆ ನಾನೇ ಐವತ್ತು ವರ್ಷ ನಕ್ಕು ನಕ್ಕು ನಿನ್ನನ್ನು ಕೆಡಿಸಿದವನು. ಆದರೆ ನೀನು ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಬಂದು ಹಾಸಿಗೆಯ ಪಕ್ಕ ಕೂತು ಹವೆಯ ವಿಷಯ ಮಾತಾಡಿ ಹೋಗುತ್ತಿದ್ದೆಯಲ್ಲ, ಆಗೆಲ್ಲ ಇವತ್ತು ಹೇಳುತ್ತಾನೆ, ಇವತ್ತು ಹೇಳುತ್ತಾನೆ ಎಂದು ಕಾಯುತ್ತಿದ್ದೆ. ಆ ಸಿಟ್ಟು ಇನ್ನೂ ಇದೆ. ಸದ್ಯಕ್ಕೆ ಬರಬೇಡ. ಕರೆಯುತ್ತೇನೆ.

ಹುಡುಗಿಗೆ ನಾನೇ ಹೇಳಬಹುದಿತ್ತು. ನಿನ್ನ ಬಾಯಿಂದಲೇ ಬರಲಿ ಎಂದು ಹಟ ಹಿಡಿದೆ. ಆ ತಪ್ಪು ನನ್ನದು, ಅದನ್ನು ಅವಳಿಗೆ ನೀನು ಹೇಳಬೇಡ. ನಾನೇ ಹೇಳುತ್ತೇನೆ.

ಗಡಿಯಾರ


ಮೇ 22

ಅಪ್ಪಾ,

ಮಾವ ನಿಮಗೆ ಬರೆದ ಕಾಗದವನ್ನು ಲಕೋಟೆಯಲ್ಲಿಟ್ಟು ಕಳಿಸಿದ್ದೀರಿ, ಜೊತೆಗೆ ಒಂದು ಅಕ್ಷರವೂ ಇಲ್ಲ. ಅಂಚೆಯ ಮೊಹರು ನೋಡಿದೆ. ಮಾವ ತಾವಾಗಿ ಟಾರ್ಪಾಲಿನ್ ಅಂಗಡಿಗೆ ಬಂದು ನನ್ನೆದುರು ಕೂತು ಹೇಳಿದ್ದು ಅದಕ್ಕೂ ಎರಡು ದಿನ ಮೊದಲು. ಬಸ್ಸಿನಲ್ಲಿ ನಾಲ್ಕು ತಾಸು ಕೂತು ಬಂದಿದ್ದರು, ಮೇಲಿನ ಎರಡು ಗುಂಡಿ ಬಿಚ್ಚಿಕೊಂಡಿದ್ದವು. ನಾನು ಹಾಕಿಕೊಟ್ಟೆ.

ನನಗೆ ಸಿಟ್ಟು ಬಂದಿದೆ. ಇದನ್ನು ಬರೆಯದೆ ಬೇರೆ ಬರೆಯಲಾರೆ. ನೀವಿಬ್ಬರೂ ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿರಿ. ಅವರು ನೀವು ಹೇಳಲಿ ಎಂದು ಕಾದರು, ನೀವು ಅವರು ಬಿಟ್ಟುಹೋಗದಿರಲಿ ಎಂದು ಕಾದಿರಿ. ನಿಮ್ಮ ನಡುವೆ ನಾನು ಒಬ್ಬಳಿದ್ದೆ, ಲಾರಿಯ ಹೊದಿಕೆ ಹೊಲಿಯುತ್ತಾ, ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾ. ಮಗಳು ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿರಂತೆ. ಆ ಸಾಲನ್ನು ನೀವು ಬರೆಯದೆ ಬಿಡಬಹುದಿತ್ತು. ಬರೆದಿರಿ. ಅದೊಂದಕ್ಕಾಗಿ ಈ ಉತ್ತರ.

ಶಾಲೆಯವರು ಎಚ್ಚರಿಕೆ ಕೊಟ್ಟು ಮತ್ತೆ ಸೇರಿಸಿಕೊಂಡಿದ್ದಾರೆ, ಸದ್ಯಕ್ಕೆ ಇರಲು ಶಾಲೆಯಲ್ಲೇ ಒಂದು ಕೋಣೆ ಕೊಟ್ಟಿದ್ದಾರೆ. ಎಚ್ಚರಿಕೆ ನ್ಯಾಯವಾದದ್ದೇ, ನಾನು ಕೇಳಿದೆ, ನೋಡಲಿಲ್ಲ. ಟಾರ್ಪಾಲಿನ್ ಅಂಗಡಿಯಾಕೆ ಹೊರಡುವಾಗ ಒಂದು ಸೂಜಿಪೆಟ್ಟಿಗೆ ಕೊಟ್ಟರು. ಇವತ್ತು ಬೆಳಿಗ್ಗೆ ಆರು ಮಕ್ಕಳನ್ನು ದೋಣಿ ಹತ್ತಿಸಿದೆ. "ತಿರುಗಿಸ್ತೀನಿ" ಎಂದೆ. ಆರು ದನಿ ಬಂತು, ಚೆನ್ನಾಗಿ ಕೇಳಿಸಿತು. ಕೈ ಮಾತ್ರ ಚುಕ್ಕಾಣಿಯ ಮೇಲೆ ಹಾಗೇ ನಿಂತಿತು. ಹಾಯಿಯಿಂದ ಕಣ್ಣು ಇಳಿಸಿ ಒಂದೊಂದೇ ತಲೆ ನೋಡಿದೆ. ಒಂದು ಹುಡುಗಿ ಬಗ್ಗಿದಲ್ಲಿಂದಲೇ "ಟೀಚರ್, ಎಲ್ಲರೂ ಹೇಳಿದ್ವಲ್ಲಾ, ಕೇಳಿಸ್ಲಿಲ್ವಾ?" ಎಂದಳು. "ಕೇಳಿಸ್ತು, ನೋಡ್ತಾ ಇದೀನಿ" ಎಂದೆ. ಅವರ ಬೆನ್ನು ನೋಯುವ ತನಕ ನೋಡಿ ಆಮೇಲೆ ತಿರುಗಿಸಿದೆ. ಇನ್ನು ನನ್ನ ದೋಣಿಯಲ್ಲಿ ಹೀಗೇ.

ಯಾವಾಗ ಬರುತ್ತೀಯೆಂದು ಅಮ್ಮ ಕೇಳಿದ್ದಾಳೆ. ಬರುವ ಭಾನುವಾರ ಬರುತ್ತೇನೆ, ಮಧ್ಯಾಹ್ನದ ಊಟಕ್ಕೆ. ದೋಣಿ ಮಗುಚಿದ ಹಾಗೇ ಇರಲಿ, ಹಾಯಿ ಅಟ್ಟದಲ್ಲೇ ಇರಲಿ. ಏನು ಮಾತಾಡುತ್ತೇವೋ ನನಗೆ ಗೊತ್ತಿಲ್ಲ. ನಲ್ಲಿ ರಿಪೇರಿ ಮಾಡೋಣ ಬೇಕಾದರೆ.

ಬಾಗಿಲು ತಟ್ಟಿದಾಗ ಅಮ್ಮನನ್ನು ಕಳಿಸಬೇಡಿ. ಯಾರು ಎಂದು ನೀವೇ ಕೇಳಿ, ನಿಮ್ಮ ದನಿಯಲ್ಲಿ.

ದೊಡ್ಡವಳು